ಮಣ್ಣು ಒದ್ದೆ, ಗಿಡಕ್ಕೆ ಬಾಯಾರಿಕೆ: ಲವಣ ಹೆಚ್ಚಿದ ಮಣ್ಣನ್ನು ಗುರುತಿಸಿ ಸರಿಪಡಿಸುವ ಕ್ರಮ

ಓದುಗರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇರುವ ಪ್ರಶ್ನೆ ಒಂದೇ: ಮಣ್ಣು ಕೈಗೆ ಅಂಟುವಷ್ಟು ತೇವವಾಗಿದ್ದರೂ ಗಿಡ ಏಕೆ ಬಾಡುತ್ತದೆ? ನೀರು ಕಡಿಮೆಯಾಯಿತೆಂದು ಇನ್ನಷ್ಟು ನೀರು ಹಾಕಿದೆವು, ಶಕ್ತಿ ಸಾಲದೆಂದು ಗೊಬ್ಬರವನ್ನೂ ಕೊಟ್ಟೆವು, ಗಿಡ ಮತ್ತೂ ಸೊರಗಿತು ಎಂದು ಹಲವರು ಬರೆಯುತ್ತಾರೆ. ಇದಕ್ಕೆ ಕಾರಣಗಳು ಹಲವಿದ್ದರೂ ಎಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪಿ ಹೋಗುವ ಕಾರಣವೆಂದರೆ ಮಣ್ಣಿನಲ್ಲಿ ಕರಗಿರುವ ಲವಣಗಳ ಹೆಚ್ಚಳ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ಗಾದೆ. ಗಿಡದ ಮಟ್ಟಿಗೆ ಅದು ತಿರುಗುಮುರುಗು, ಉಪ್ಪಿನ ನಡುವೆ ನಿಂತ ಗಿಡ ನೀರು ಕುಡಿಯಲಾರದು.

ಇಲ್ಲಿ ಲವಣ ಎಂದರೆ ಅಡುಗೆ ಉಪ್ಪು ಮಾತ್ರವಲ್ಲ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳ ಕ್ಲೋರೈಡ್, ಸಲ್ಫೇಟ್, ನೈಟ್ರೇಟ್, ಬೈಕಾರ್ಬೊನೇಟ್‌ಗಳೆಲ್ಲ ಈ ಲೆಕ್ಕಕ್ಕೆ ಬರುತ್ತವೆ. ನೀವು ಪೋಷಕಾಂಶವೆಂದು ಹಾಕುವ ರಾಸಾಯನಿಕ ಗೊಬ್ಬರವೂ ನೀರಿನಲ್ಲಿ ಕರಗಿದ ಕೂಡಲೇ ಲವಣವೇ.

ಮೊದಲು ತಿಳಿಯಬೇಕಾದದ್ದು: ನೀರು ಬೇರಿನೊಳಗೆ ಹೇಗೆ ಹೋಗುತ್ತದೆ

ಬೇರು ನೀರನ್ನು ಪಂಪಿನಂತೆ ಎತ್ತುವುದಿಲ್ಲ. ಎಲೆಯ ಮೇಲಿನ ಸೂಕ್ಷ್ಮ ಬಾಯಿಗಳಾದ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೊರಟಂತೆ, ಎಲೆಯಿಂದ ಬೇರಿನವರೆಗೆ ಕೊಳವೆಗಳಂತೆ ಹಬ್ಬಿರುವ ಕ್ಸೈಲಂ ಅಂಗಾಂಶದಲ್ಲಿ ನೀರಿನ ಎಳೆ ಮೇಲಕ್ಕೆ ಸೆಳೆಯಲ್ಪಡುತ್ತದೆ. ಆ ಸೆಳೆತವೇ ಬೇರಿನ ಮೂಲಕ ಮಣ್ಣಿನ ನೀರನ್ನು ಒಳಗೆ ತರುತ್ತದೆ. ನೀರು ಯಾವ ಕಡೆಗೆ ಹರಿಯಬೇಕೆಂಬುದನ್ನು ನಿರ್ಧರಿಸುವುದು ಜಲವಿಭವ, ಅಂದರೆ ಒಂದು ಜಾಗದಲ್ಲಿರುವ ನೀರು ಎಷ್ಟರಮಟ್ಟಿಗೆ ಸ್ವತಂತ್ರವಾಗಿದೆ ಎಂಬುದರ ಅಳತೆ. ಇದನ್ನು ಮೆಗಾಪ್ಯಾಸ್ಕಲ್ ಎಂಬ ಒತ್ತಡದ ಮಾನದಲ್ಲಿ ಹೇಳುತ್ತಾರೆ. ಶುದ್ಧ ನೀರಿಗೆ ಸೊನ್ನೆ, ಹಿಡಿತಕ್ಕೆ ಸಿಕ್ಕಿದ ನೀರಿಗೆ ಋಣ ಸಂಖ್ಯೆ. ನೀರು ಯಾವಾಗಲೂ ಕಡಿಮೆ ಋಣದಿಂದ ಹೆಚ್ಚು ಋಣದ ಕಡೆಗೆ ಹೋಗುತ್ತದೆ.

ನೀರುಣಿಸಿ, ಹೆಚ್ಚುವರಿ ನೀರು ಬಸಿದುಹೋದ ಬಳಿಕ ಹದವಾಗಿರುವ ಮಣ್ಣಿನಲ್ಲಿ ಮಣ್ಣಿನ ಕಣಗಳ ಹಿಡಿತ ಸುಮಾರು −0.033 ಮೆಗಾಪ್ಯಾಸ್ಕಲ್. ಮಣ್ಣು ಒಣಗುತ್ತ −1.5ರ ಹತ್ತಿರ ಬಂದಾಗ ಹೆಚ್ಚಿನ ಬೆಳೆಗಳು ಚೇತರಿಸಿಕೊಳ್ಳಲಾರದಂತೆ ಬಾಡುತ್ತವೆ ಎಂಬುದು ರೂಢಿಯ ಗಡಿ. ಲವಣ ಕರಗಿದ್ದರೆ ಈ ಹಿಡಿತಕ್ಕೆ ಇನ್ನೊಂದು ಹಿಡಿತ ಸೇರಿಕೊಳ್ಳುತ್ತದೆ. ಅದನ್ನು ಅಂದಾಜು ಮಾಡುವುದು ಸುಲಭ: ಮಣ್ಣಿನ ದ್ರಾವಣದ ವಿದ್ಯುತ್ ವಾಹಕತೆಯನ್ನು ಡೆಸಿಸೀಮೆನ್ಸ್ ಪ್ರತಿ ಮೀಟರ್ ಮಾನದಲ್ಲಿ ಅಳೆದು 0.036ರಿಂದ ಗುಣಿಸಿ, ಮುಂದೆ ಋಣ ಚಿಹ್ನೆ ಹಾಕಿದರಾಯಿತು. ವಿದ್ಯುತ್ ವಾಹಕತೆ ಎಂದರೆ ನೀರು ವಿದ್ಯುತ್ತನ್ನು ಎಷ್ಟು ಹರಿಯಗೊಡುತ್ತದೆ ಎಂಬುದು; ಲವಣ ಹೆಚ್ಚಿದಷ್ಟೂ ಅದು ಹೆಚ್ಚು. ಮುಂದೆ ಇದನ್ನು ಇ.ಸಿ. ಎಂದೇ ಕರೆಯುತ್ತೇನೆ.

ಒಂದು ಉದಾಹರಣೆ ನೋಡಿ. ನೀರು ತುಂಬಿ ಕೆಸರಾದ ಸ್ಥಿತಿಯಲ್ಲಿ ಮಣ್ಣಿನ ಸಾರದ, ಅಂದರೆ ಆ ಕೆಸರಿನಿಂದ ಬಸಿದು ತೆಗೆದ ನೀರಿನ, ಇ.ಸಿ. 8 ಇದ್ದರೆ, ಹೊಲದ ಹದದಲ್ಲಿ ನೀರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದರಿಂದ ಅದೇ ದ್ರಾವಣದ ಇ.ಸಿ. 16ರ ಆಸುಪಾಸಿಗೆ ಏರುತ್ತದೆ. ಲವಣದ ಹಿಡಿತ ಸುಮಾರು −0.58 ಮೆಗಾಪ್ಯಾಸ್ಕಲ್ ಆಗುತ್ತದೆ. ಕೈಗೆ ಒದ್ದೆಯಾಗಿ ತೋರುವ ಈ ಮಣ್ಣು ಗಿಡದ ಪಾಲಿಗೆ ಸಾಕಷ್ಟು ಒಣಗಿದ ಮಣ್ಣಿಗೆ ಸಮ. ಮಣ್ಣು ಇನ್ನೂ ಒಣಗಿದರೆ ನೀರು ಹೋಗುತ್ತದೆ, ಲವಣ ಉಳಿಯುತ್ತದೆ, ಹಿಡಿತ ಎರಡೂ ಕಡೆಯಿಂದ ಬಿಗಿಯಾಗುತ್ತದೆ.

ಇಲ್ಲೊಂದು ಸಂದೇಹ ಏಳುವುದು ಸಹಜ. ಲವಣ ನೀರಿನೊಡನೆ ಬೇರಿನೊಳಗೆ ಹರಿದುಹೋಗುವುದಾದರೆ ಹಿಡಿತದ ಪ್ರಶ್ನೆಯೇ ಬರುವುದಿಲ್ಲವಲ್ಲ? ಹರಿದುಹೋಗದಂತೆ ತಡೆಯುವ ಏರ್ಪಾಡು ಬೇರಿನಲ್ಲೇ ಇದೆ. ಬೇರಿನ ಒಳಪದರವೊಂದರ ಕೋಶಗಳ ನಡುವೆ ಕ್ಯಾಸ್ಪೇರಿಯನ್ ಪಟ್ಟಿ ಎಂಬ, ನೀರು ನುಸುಳದ ಬೆಸುಗೆ ಇರುತ್ತದೆ. ಅಲ್ಲಿಗೆ ಬಂದ ನೀರು ಕೋಶಪೊರೆಯನ್ನು ದಾಟಿಯೇ ಮುಂದೆ ಹೋಗಬೇಕು. ಪೊರೆ ನೀರನ್ನು ಬಿಡುತ್ತದೆ, ಲವಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಇಂಥ ಪೊರೆಯ ಮೂಲಕ ತೆಳುವಾದ ದ್ರಾವಣದಿಂದ ಗಾಢ ದ್ರಾವಣದ ಕಡೆಗೆ ನೀರು ಸಾಗುವುದನ್ನೇ ಅಭಿಸರಣೆ ಎನ್ನುವುದು. ಪೊರೆಯಲ್ಲಿ ನೀರಿಗೆಂದೇ ಇರುವ ಅಕ್ವಪೊರಿನ್ ಎಂಬ ಪ್ರೋಟೀನು ನಾಳಗಳನ್ನು ಕಂಡುಹಿಡಿದದ್ದಕ್ಕೆ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಪಾಲು ದೊರೆಯಿತು. ಲವಣದ ಹೊಡೆತ ಬಿದ್ದಾಗ ಹಲವು ಗಿಡಗಳಲ್ಲಿ ಈ ನಾಳಗಳ ಕೆಲಸವೂ ಕುಗ್ಗುತ್ತದೆ.

ಲವಣವು ಬೇರಿನಿಂದ ನೀರನ್ನು ಹೀರಿಕೊಂಡುಬಿಡುತ್ತದೆ ಎಂಬ ಮಾತು ಪ್ರಚಾರದಲ್ಲಿದೆ. ಒಮ್ಮೆಲೇ ಅತಿಯಾಗಿ ಗೊಬ್ಬರ ಸುರಿದಾಗ ಅದು ನಿಜವಾಗಬಹುದು. ಆದರೆ ನಿಧಾನವಾಗಿ ಲವಣ ಏರಿದ ಮಣ್ಣಿನಲ್ಲಿ ನಡೆಯುವುದು ಹಿಮ್ಮುಖ ಹರಿವಲ್ಲ, ಒಳಹರಿವು ಕುಂಠಿತವಾಗುವುದು. ಗಿಡ ತನ್ನ ಕೋಶಗಳಲ್ಲಿ ಸಕ್ಕರೆ, ಪ್ರೋಲಿನ್ ಮುಂತಾದವನ್ನು ಕೂಡಿಟ್ಟುಕೊಂಡು ಒಳಗಿನ ವಿಭವವನ್ನು ಇನ್ನಷ್ಟು ಋಣಕ್ಕೆ ಇಳಿಸಿ ನೀರನ್ನು ಹೇಗೋ ಸೆಳೆಯುತ್ತದೆ. ಆ ಖರ್ಚು ಬೆಳವಣಿಗೆಯ ಲೆಕ್ಕದಿಂದ ಕಳೆಯುತ್ತದೆ. ಪತ್ರರಂಧ್ರಗಳು ಕಿರಿದಾಗಿ ಆಹಾರ ತಯಾರಿಕೆಯೂ ತಗ್ಗುತ್ತದೆ. ಆದ್ದರಿಂದ ಇಂಥ ಮಣ್ಣಿನ ಗಿಡ ಯಾವಾಗಲೂ ಬಾಡಿಯೇ ಇರಬೇಕೆಂದಿಲ್ಲ: ಎಲೆ ಚಿಕ್ಕದು, ಬಣ್ಣ ಅತಿ ಗಾಢ ಹಸಿರು, ಗಿಡ ಗಿಡ್ಡ, ಇಷ್ಟೇ ಕಾಣಬಹುದು.

ಬೇಕಾಗುವ ಸಾಮಗ್ರಿ

ಇ.ಸಿ. ಮಾಪಕ, ಅದನ್ನು ಸರಿಹೊಂದಿಸಲು 1.413 ಡೆಸಿಸೀಮೆನ್ಸ್‌ನ ಪ್ರಮಾಣ ದ್ರಾವಣ, ಬಟ್ಟಿ ಇಳಿಸಿದ ನೀರು, ಗ್ರಾಂ ತೂಗುವ ತಕ್ಕಡಿ, ಮುಚ್ಚಳವಿರುವ ಗಾಜಿನ ಶೀಸೆಗಳು, 2 ಮಿಲಿಮೀಟರ್ ಕಣ್ಣಿನ ಜರಡಿ, ಸ್ವಲ್ಪ ವಿನೆಗರ್. ಮಾಪಕ ಇಲ್ಲದವರು ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಬಹುದು. ಆಗಲೂ 1, 2 ಮತ್ತು 4ನೇ ಹಂತಗಳನ್ನು ನೀವೇ ಮಾಡಬೇಕು.

ಹಂತ 1: ಬೇರೆ ಕಾರಣಗಳನ್ನು ಹೊರಗಿಡಿ

ಒದ್ದೆ ಮಣ್ಣಿನಲ್ಲಿ ಗಿಡ ಬಾಡಲು ಬೇರು ಕೊಳೆಯುವುದೂ ಕಾರಣವಿರಬಹುದು. ಒಂದು ಗಿಡವನ್ನು ನಿಧಾನವಾಗಿ ಬಿಡಿಸಿ ಬೇರನ್ನು ನೋಡಿ. ಬೇರು ಮೆತ್ತಗಾಗಿ, ಸಿಪ್ಪೆ ಸುಲಿದು ಬಂದು, ನಾತ ಹೊಡೆಯುತ್ತಿದ್ದರೆ ಅದು ಕೊಳೆ. ಅದಕ್ಕೆ ಈ ಲೇಖನದ ಚಿಕಿತ್ಸೆ ಹೊಂದುವುದಿಲ್ಲ. ಬೇರು ಗಟ್ಟಿಯಾಗಿದ್ದು ತುದಿ ಮಾತ್ರ ಕಂದಿದ್ದರೆ, ಹಳೆಯ ಎಲೆಗಳ ಅಂಚು ಮೊದಲು ಸುಟ್ಟಂತಾಗಿದ್ದರೆ, ಲವಣದ ಮೇಲೆ ಸಂಶಯ ಪಡಬಹುದು.

ಮಣ್ಣಿನ ಮೇಲೆ ಅಥವಾ ಕುಂಡದ ಅಂಚಿನಲ್ಲಿ ಬಿಳಿ ಪದರ ಕಂಡ ಕೂಡಲೇ ಲವಣವೆಂದು ತೀರ್ಮಾನಿಸಬೇಡಿ. ಅದನ್ನು ಕೆರೆದು ಬಟ್ಟಿ ನೀರಿನಲ್ಲಿ ಕಲಕಿ. ಕರಗಿಹೋದರೆ ಲವಣ. ಕರಗದೆ ತಳಕ್ಕೆ ಕುಳಿತರೆ, ಮೇಲಿನ ನೀರನ್ನು ಚೆಲ್ಲಿ ಉಳಿದದ್ದಕ್ಕೆ ವಿನೆಗರ್ ಹನಿಸಿ. ನೊರೆ ಎದ್ದರೆ ಅದು ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣವೂ ಖನಿಜವೇ, ಆದರೆ ಅದು ನೀರಿನಲ್ಲಿ ಅತ್ಯಲ್ಪವಾಗಿ ಕರಗುವುದರಿಂದ ನೀರನ್ನು ಹಿಡಿದಿಡುವ ಶಕ್ತಿ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಗಿಡದ ನೀರಿಗೆ ಅಡ್ಡಬರುವುದು ಮಣ್ಣಿನಲ್ಲಿರುವ ಖನಿಜವಲ್ಲ, ಕರಗಿರುವ ಖನಿಜ. ಈ ವ್ಯತ್ಯಾಸ ತಿಳಿಯದೆ ಬಿಳಿ ಬಣ್ಣಕ್ಕೆ ಹೆದರಿ ಚಿಕಿತ್ಸೆಗೆ ಇಳಿದವರು ಬಹಳ.

ಹಂತ 2: ಮಾದರಿ ತೆಗೆಯಿರಿ

ಮೇಲಿನ ಬಿಳಿ ಪದರವನ್ನು ಪಕ್ಕಕ್ಕೆ ಸರಿಸಿ, 0–15, 15–30, 30–60 ಸೆಂಟಿಮೀಟರ್ ಆಳಗಳ ಮಣ್ಣನ್ನು ಬೇರೆ ಬೇರೆಯಾಗಿ, ಕನಿಷ್ಠ ಐದು ಜಾಗಗಳಿಂದ ತೆಗೆದು ಆಯಾ ಆಳದ್ದನ್ನು ಬೆರೆಸಿಕೊಳ್ಳಿ. ಚೆನ್ನಾಗಿರುವ ಗಿಡಗಳ ಬುಡದಿಂದಲೂ ಒಂದು ಮಾದರಿ ಇರಲಿ. ಹೋಲಿಕೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಗೊಬ್ಬರ ಹಾಕಿದ ಬೆನ್ನಿಗೇ ತೆಗೆದ ಮಾದರಿ ನಂಬಿಕೆಗೆ ಅರ್ಹವಲ್ಲ. ಮಣ್ಣನ್ನು ನೆರಳಿನಲ್ಲಿ ಒಣಗಿಸಿ ಜರಡಿ ಹಿಡಿಯಿರಿ.

ಹಂತ 3: ಅಳೆಯಿರಿ, ಅಂಕಿಯನ್ನು ಓದಿಕೊಳ್ಳಿ

20 ಗ್ರಾಂ ಒಣ ಮಣ್ಣಿಗೆ 100 ಮಿಲಿಲೀಟರ್ ಬಟ್ಟಿ ನೀರು ಸೇರಿಸಿ, ಶೀಸೆಯನ್ನು ಕೆಲವು ನಿಮಿಷ ಅಲುಗಾಡಿಸಿ, ಅರ್ಧ ಗಂಟೆ ಬಿಟ್ಟು, ತಿಳಿಯಾದ ಮೇಲ್ಭಾಗದಲ್ಲಿ ಮಾಪಕವನ್ನು ಅದ್ದಿ. ಬರುವ ಅಂಕಿ ಮಣ್ಣಿನ ತೂಕದ ಐದು ಪಟ್ಟು ನೀರು ಬೆರೆಸಿದ ತೆಳು ದ್ರಾವಣದ್ದು. ಕೋಷ್ಟಕಗಳೆಲ್ಲ ನೀರು ತುಂಬಿ ಕೆಸರಾದ ಮಣ್ಣಿನ ಸಾರವನ್ನು ಆಧರಿಸಿರುವುದರಿಂದ, ಮರಳು ಮಣ್ಣಿಗೆ ಸುಮಾರು 14, ಗೋಡು ಮಣ್ಣಿಗೆ 10, ಜೇಡಿ ಮಣ್ಣಿಗೆ 7ರಿಂದ ಗುಣಿಸಿ. ಇವು ಅಂದಾಜಿನ ಗುಣಕಗಳು. ಹೆಚ್ಚಿನ ಬಂಡವಾಳ ಹೂಡುವ ಮೊದಲು ಪ್ರಯೋಗಾಲಯದ ಅಳತೆಯೇ ಆಗಬೇಕು.

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ. ನಲ್ಲಿಯ ನೀರು ಬಳಸಿದರೆ ಆ ನೀರಿನ ಲವಣವೂ ಸೇರಿಕೊಂಡು ಗುಣಕದಿಂದ ಹಿಗ್ಗುತ್ತದೆ. ಮಾನದ ಗೊಂದಲ ಇನ್ನೊಂದು: 1 ಡೆಸಿಸೀಮೆನ್ಸ್ ಪ್ರತಿ ಮೀಟರ್ ಎಂದರೆ 1 ಮಿಲಿಸೀಮೆನ್ಸ್ ಪ್ರತಿ ಸೆಂಟಿಮೀಟರ್, ಅಂದರೆ 1000 ಮೈಕ್ರೋಸೀಮೆನ್ಸ್. ಮಾಪಕ ಪಿಪಿಎಂ ತೋರಿಸಿದರೆ ಅದು ಇ.ಸಿ.ಯನ್ನು ಯಾವುದೋ ಗುಣಕದಿಂದ ಬದಲಿಸಿ ತೋರಿಸುತ್ತಿದೆ; ಕೆಲವು ಮಾಪಕಗಳು 500, ಕೆಲವು 640, ಕೆಲವು 700 ಬಳಸುವುದರಿಂದ ಇಬ್ಬರ ಪಿಪಿಎಂ ಅಂಕಿಗಳನ್ನು ಹೋಲಿಸುವುದು ವ್ಯರ್ಥ. ಜಿಪ್ಸಂ ಎಂಬ ಖನಿಜ ಇರುವ ಮಣ್ಣಿನಲ್ಲಿ ನೀರು ಹೆಚ್ಚಾದಂತೆ ಜಿಪ್ಸಂ ಹೆಚ್ಚು ಕರಗಿ ಅಳತೆಯು ವಾಸ್ತವಕ್ಕಿಂತ ಮೇಲೆ ಬರುತ್ತದೆ ಎಂಬುದೂ ನೆನಪಿರಲಿ.

ಕೆಸರು ಸಾರದ ಇ.ಸಿ. 4ಕ್ಕಿಂತ ಹೆಚ್ಚಿದ್ದರೆ ಅದನ್ನು ಲವಣ ಮಣ್ಣು ಎಂದು ವರ್ಗೀಕರಿಸುವುದು ವಾಡಿಕೆ. ಆದರೆ ಗಿಡಕ್ಕೆ ಈ ಗೆರೆ ಗೊತ್ತಿಲ್ಲ. 1977ರಲ್ಲಿ ಮಾಸ್ ಮತ್ತು ಹಾಫ್‌ಮನ್ ಪ್ರಕಟಿಸಿದ ಪಟ್ಟಿಯಲ್ಲಿ ಪ್ರತಿ ಬೆಳೆಗೂ ಎರಡು ಅಂಕಿಗಳಿವೆ: ಇಳುವರಿ ಇಳಿಯತೊಡಗುವ ಇ.ಸಿ. ಮತ್ತು ಅಲ್ಲಿಂದಾಚೆಗೆ ಇ.ಸಿ. 1ರಷ್ಟು ಏರಿದಾಗಲೆಲ್ಲ ಆಗುವ ಶೇಕಡಾವಾರು ನಷ್ಟ. ಹುರುಳಿಕಾಯಿ ಅಥವಾ ಬೀನ್ಸ್‌ಗೆ 1.0 ಮತ್ತು 19, ಟೊಮೆಟೊಗೆ 2.5 ಮತ್ತು 9.9, ಬಾರ್ಲಿಗೆ 8.0 ಮತ್ತು 5. ಇ.ಸಿ. 3 ಇರುವ ಮಣ್ಣು ವರ್ಗೀಕರಣದ ಪ್ರಕಾರ ಲವಣ ಮಣ್ಣೇ ಅಲ್ಲ. ಆದರೂ ಅಲ್ಲಿ ಬೀನ್ಸ್ ಇಳುವರಿ ಶೇ. 38ರಷ್ಟು ಇಳಿಯಬಹುದು, ಬಾರ್ಲಿಗೆ ಏನೂ ಆಗದು. ಬೆಳೆದ ಬಾರ್ಲಿ ಸಹಿಸುವಷ್ಟನ್ನು ಅದರ ಎಳೆ ಸಸಿ ಸಹಿಸುವುದಿಲ್ಲ ಎಂಬುದು ಮಾತ್ರ ಪಟ್ಟಿಯ ಅಂಕಿಗಳಿಂದ ತಿಳಿಯದು.

ಹಂತ 4: ಸೋಡಿಯಂ ಪ್ರತ್ಯೇಕವಾಗಿ ಕಾಡುತ್ತಿದೆಯೇ ನೋಡಿ

ಇಲ್ಲಿಯವರೆಗೆ ಹೇಳಿದ್ದು ಬೇರಿನ ಬಾಗಿಲಲ್ಲಿ ನೀರು ತಡೆಯಲ್ಪಡುವ ಸಂಗತಿ. ಸೋಡಿಯಂ ಹೆಚ್ಚಿದ ಮಣ್ಣಿನಲ್ಲಿ ನೀರು ಬಾಗಿಲವರೆಗೂ ಬರುವುದಿಲ್ಲ. ಕ್ಯಾಲ್ಸಿಯಂ ಜೇಡಿಯ ಕಣಗಳನ್ನು ಹತ್ತಿರ ಹಿಡಿದಿಟ್ಟು ಹರಳುಹರಳಾಗಿ ಇರಿಸುತ್ತದೆ. ಅದರ ಜಾಗವನ್ನು ಸೋಡಿಯಂ ಆಕ್ರಮಿಸಿದಾಗ ಕಣಗಳು ಬಿಡಿಬಿಡಿಯಾಗಿ ಚದುರಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ನೀರು ಮೇಲೆಯೇ ನಿಲ್ಲುತ್ತದೆ, ಒಣಗಿದಾಗ ಮಣ್ಣು ಕಲ್ಲಾಗುತ್ತದೆ. ಇದಕ್ಕೆ ಕ್ಷಾರ ಮಣ್ಣು ಎಂದು ಹೆಸರು. ಮಣ್ಣಿನ ಕಣಗಳು ಹಿಡಿದಿರುವ ವಿನಿಮಯಶೀಲ ಅಯಾನುಗಳಲ್ಲಿ, ಅಂದರೆ ಒಂದರ ಜಾಗಕ್ಕೆ ಇನ್ನೊಂದು ಬರಬಲ್ಲ ಸೋಡಿಯಂ, ಕ್ಯಾಲ್ಸಿಯಂಗಳಂಥ ವಿದ್ಯುದಂಶವುಳ್ಳ ಕಣಗಳಲ್ಲಿ, ಸೋಡಿಯಂ ಪಾಲು ಶೇ. 15 ದಾಟಿದರೆ ಈ ವರ್ಗಕ್ಕೆ ಸೇರಿಸುತ್ತಾರೆ. ರಸಸಾರವು (ಪಿಎಚ್) ಸಾಮಾನ್ಯವಾಗಿ 8.5ಕ್ಕಿಂತ ಮೇಲಿರುತ್ತದೆ.

ಬಟಾಣಿ ಗಾತ್ರದ ಒಣ ಹೆಂಟೆಯೊಂದನ್ನು ಗಾಜಿನ ಲೋಟದ ಬಟ್ಟಿ ನೀರಿಗೆ ಮೆಲ್ಲಗೆ ಬಿಟ್ಟು, ಅಲುಗಾಡಿಸದೆ ಕೆಲವು ಗಂಟೆ ಕಾಯಿರಿ. ಹೆಂಟೆ ಪುಡಿಯಾಗಿ ತಳದಲ್ಲಿ ಕುಸಿದರೆ ಅಷ್ಟೇ ಸೋಡಿಯಂನ ಗುರುತಲ್ಲ. ಅದರ ಸುತ್ತ ಹಾಲಿನಂಥ ಮಬ್ಬು ಹರಡಿ ನೀರು ತಿಳಿಯಾಗದಿದ್ದರೆ ಜೇಡಿ ಚದುರುತ್ತಿದೆ ಎಂದರ್ಥ. ನೀರು ತಿಳಿಯಾಗಿಯೇ ಉಳಿದರೂ ಪೂರ್ತಿ ನಿಶ್ಚಿಂತರಾಗಬೇಡಿ. ಲವಣವೂ ಸೋಡಿಯಂ ಕೂಡ ಹೆಚ್ಚಿರುವ ಮಣ್ಣಿನಲ್ಲಿ, ಒಟ್ಟು ಲವಣವೇ ಕಣಗಳನ್ನು ಒತ್ತೊತ್ತಾಗಿ ಇರಿಸಿ ಮಬ್ಬನ್ನು ಮರೆಮಾಚುತ್ತದೆ. ಅಂಥ ಮಣ್ಣನ್ನು ಬರಿಯ ನೀರಿನಿಂದ ತೊಳೆದರೆ ಲವಣ ಇಳಿದುಹೋಗಿ ಸೋಡಿಯಂ ಉಳಿಯುತ್ತದೆ, ಮರುದಿನದಿಂದ ನೀರೇ ಇಳಿಯುವುದಿಲ್ಲ. ಆದ್ದರಿಂದ ಇ.ಸಿ. 4 ದಾಟಿದ ಜೇಡಿ ಮಣ್ಣಿಗೆ ಸೋಡಿಯಂ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ಮಾಡಿಸದೆ 6ನೇ ಹಂತಕ್ಕೆ ಹೋಗಬೇಡಿ.

ಹಂತ 5: ಲವಣ ಬರುವ ದಾರಿಯನ್ನು ಹಿಡಿಯಿರಿ

ಮೊದಲು ನೀರಾವರಿಯ ನೀರನ್ನು ಅಳೆಯಿರಿ. ಇ.ಸಿ. 0.7ರೊಳಗಿದ್ದರೆ ಚಿಂತೆಯಿಲ್ಲ, 3 ದಾಟಿದರೆ ತೀವ್ರ ನಿರ್ಬಂಧ ಬೇಕು. ನಡುವಿನ ನೀರನ್ನು ಹಗುರವಾಗಿ ಕಾಣುವವರು ಈ ಲೆಕ್ಕ ಮಾಡಿ: ಇ.ಸಿ. 1 ಇರುವ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 0.64 ಗ್ರಾಂ ಲವಣವಿರುತ್ತದೆ. ಒಂದು ಹಂಗಾಮಿನಲ್ಲಿ 500 ಮಿಲಿಮೀಟರ್ ನೀರು ಕೊಟ್ಟರೆ ಚದರ ಮೀಟರಿಗೆ 320 ಗ್ರಾಂ, ಹೆಕ್ಟೇರಿಗೆ 3.2 ಟನ್. ಗಿಡ ನೀರನ್ನಷ್ಟೇ ಕುಡಿದು ಇದರ ಬಹುಪಾಲನ್ನು ಮಣ್ಣಿನಲ್ಲೇ ಬಿಡುತ್ತದೆ.

ಎರಡನೆಯದು ಗೊಬ್ಬರ. ಸೋಡಿಯಂ ನೈಟ್ರೇಟನ್ನು 100 ಎಂದಿಟ್ಟುಕೊಂಡು ಇತರ ಗೊಬ್ಬರಗಳ ಲವಣ ಪರಿಣಾಮವನ್ನು ಹೇಳುವ ಸೂಚ್ಯಂಕದಲ್ಲಿ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸುಮಾರು 116, ಯೂರಿಯಾ 75, ಸಲ್ಫೇಟ್ ಆಫ್ ಪೊಟ್ಯಾಷ್ 46, ಸಿಂಗಲ್ ಸೂಪರ್ ಫಾಸ್ಫೇಟ್ 8. ಪೊಟ್ಯಾಷ್ ಬೇಕಾದಾಗ ಸಲ್ಫೇಟ್ ರೂಪವನ್ನು ಆರಿಸಿ, ಒಂದೇ ಸಲ ಹಾಕುವುದನ್ನು ಕಂತುಗಳಾಗಿ ಒಡೆಯಿರಿ. ಕೊಟ್ಟಿಗೆ ಗೊಬ್ಬರ ಮಣ್ಣಿನ ರಚನೆಗೆ ಒಳ್ಳೆಯದು, ನಿಜ. ಆದರೆ ಅದರಲ್ಲೂ ಲವಣವಿದೆ. ಗಿಡ ಬಾಡಿದ್ದಾಗ ಯಾವ ಗೊಬ್ಬರವೂ ಬೇಡ.

ಅಂತರ್ಜಲ ನೆಲಮಟ್ಟದಿಂದ ಒಂದೆರಡು ಮೀಟರ್ ಒಳಗೇ ಇದ್ದರೆ ಅದು ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಮೇಲೇರಿ, ಆವಿಯಾಗಿ, ಲವಣವನ್ನು ಮೇಲ್ಪದರದಲ್ಲಿ ಬಿಟ್ಟುಹೋಗುತ್ತದೆ. ಇಲ್ಲಿ ಬಸಿಗಾಲುವೆ ತೋಡದೆ ಮಾಡಿದ ಚಿಕಿತ್ಸೆಯೆಲ್ಲ ದಂಡ.

ಹಂತ 6: ತೊಳೆಯಿರಿ

ಕರಗಿದ ಲವಣವನ್ನು ಬೇರಿನ ವಲಯದಿಂದ ತೆಗೆಯುವ ದಾರಿ ಒಂದೇ, ನೀರಿನಿಂದ ಕೆಳಕ್ಕೆ ಇಳಿಸಿ ಹೊರಗೆ ಬಸಿಯುವುದು. ಲವಣ ತಿನ್ನುವ ಪುಡಿ, ದ್ರಾವಣ ಎಂದು ಮಾರುವವರ ಮಾತಿಗೆ ಕಿವಿಗೊಡಬೇಡಿ. ಮೇಲಿನ 30 ಸೆಂಟಿಮೀಟರ್ ಮಣ್ಣಿನ ಮೂಲಕ 15 ಸೆಂಟಿಮೀಟರ್ ನೀರು ಇಳಿದುಹೋದರೆ ಲವಣ ಸುಮಾರು ಅರ್ಧವಾಗುತ್ತದೆ, 30 ಸೆಂಟಿಮೀಟರ್ ಇಳಿದರೆ ಶೇ. 80, 60 ಇಳಿದರೆ ಶೇ. 90ರಷ್ಟು ಹೋಗುತ್ತದೆ ಎಂಬುದು ರೂಢಿಯ ಅಂದಾಜು. ಎಲ್ಲವನ್ನೂ ಒಮ್ಮೆಗೇ ಕಟ್ಟಿ ನಿಲ್ಲಿಸುವುದಕ್ಕಿಂತ, ಒಂದು ಕಂತು ಪೂರ್ತಿ ಇಳಿದ ಮೇಲೆ ಇನ್ನೊಂದು ಕಂತು ಕೊಡುವುದು ಮೇಲು. ಸಣ್ಣ ರಂಧ್ರಗಳ ಲವಣ ಹೊರಬರಲು ಸಮಯ ಸಿಗುತ್ತದೆ, ನೀರೂ ಉಳಿಯುತ್ತದೆ. ತೊಳೆದಾಗ ನೈಟ್ರೇಟ್ ಕೂಡ ಹೋಗುವುದರಿಂದ ಸಾರಜನಕವನ್ನು ಮುಂದೆ ಸಣ್ಣ ಕಂತುಗಳಲ್ಲಿ ತುಂಬಿಕೊಡಬೇಕು.

ಕುಂಡವಾದರೆ ಅದರ ಗಾತ್ರದ ಎರಡು ಪಟ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹರಿಸಿ, ತಳದಿಂದ ಬರುವ ನೀರಿನ ಇ.ಸಿ. ಅಳೆಯುತ್ತ ಹೋಗಿ, ಅದು ಹಾಕಿದ ನೀರಿನ ಇ.ಸಿ.ಗೆ ಹತ್ತಿರ ಬಂದಾಗ ನಿಲ್ಲಿಸಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲದಿದ್ದರೆ ಗಿಡ ಅದನ್ನೇ ಮತ್ತೆ ಮೇಲಕ್ಕೆ ಎಳೆಯುತ್ತದೆ.

ಒಮ್ಮೆ ತೊಳೆದ ಬಳಿಕ ಪ್ರತಿ ನೀರಾವರಿಯಲ್ಲೂ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಕೊಡಬೇಕು. ಕೊಡುವ ಒಟ್ಟು ನೀರಿನಲ್ಲಿ ಆ ಹೆಚ್ಚುವರಿ ಪಾಲು = ನೀರಿನ ಇ.ಸಿ. ÷ (5 × ಬೆಳೆ ಸಹಿಸುವ ಮಣ್ಣಿನ ಇ.ಸಿ. − ನೀರಿನ ಇ.ಸಿ.). ಇ.ಸಿ. 1 ಇರುವ ನೀರಿನಲ್ಲಿ ಟೊಮೆಟೊ ಬೆಳೆಯುವುದಾದರೆ 1 ÷ (12.5 − 1), ಅಂದರೆ ಸುಮಾರು ಶೇ. 9, ಬೆಳೆಗೆ 100 ಲೀಟರ್ ಬೇಕಾದಲ್ಲಿ 110 ಲೀಟರ್ ಕೊಟ್ಟರೆ ಸರಿ.

ಹಂತ 7: ಸೋಡಿಯಂ ಇದ್ದರೆ ಮೊದಲು ಜಿಪ್ಸಂ

ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದರ ಕ್ಯಾಲ್ಸಿಯಂ ಮಣ್ಣಿನ ಕಣಗಳ ಮೇಲಿನ ಸೋಡಿಯಂ ಅನ್ನು ಕಿತ್ತು ದ್ರಾವಣಕ್ಕೆ ತಳ್ಳುತ್ತದೆ, ಬಳಿಕ ಕೊಡುವ ನೀರು ಅದನ್ನು ಕೊಂಡೊಯ್ಯುತ್ತದೆ. ಪ್ರಮಾಣವನ್ನು ಪ್ರಯೋಗಾಲಯದ ವರದಿಯಂತೆ ನಿರ್ಧರಿಸಿ, ಮೇಲ್ಪದರದಲ್ಲಿ ಬೆರೆಸಿ, ಆಮೇಲೆ ತೊಳೆಯಿರಿ. ಲೀಟರಿಗೆ ಸುಮಾರು 2.4 ಗ್ರಾಂ ಮಾತ್ರ ಕರಗುವುದರಿಂದ ಇದು ಅವಸರದ ಕೆಲಸವಲ್ಲ. ಸೋಡಿಯಂ ತೊಂದರೆ ಇಲ್ಲದ, ಬರಿಯ ಲವಣ ಮಣ್ಣಿಗೆ ಜಿಪ್ಸಂ ಹಾಕುವುದು ಇದ್ದ ಲವಣಕ್ಕೆ ಇನ್ನೊಂದನ್ನು ಸೇರಿಸಿದಂತೆ.

ಹಂತ 8: ಉಳಿದ ಲವಣವನ್ನು ಬೇರಿನಿಂದ ದೂರವಿಡಿ

ಮಣ್ಣನ್ನು ಪೂರ್ತಿ ಒಣಗಲು ಬಿಡಬೇಡಿ. ಒಣಗಿದಷ್ಟೂ ದ್ರಾವಣ ಗಾಢವಾಗುತ್ತದೆ. ಒಣಹುಲ್ಲು ಅಥವಾ ಎಲೆಗಳ ಹೊದಿಕೆ ಆವಿಯನ್ನು ತಗ್ಗಿಸಿ ಲವಣ ಮೇಲೇರುವುದನ್ನು ತಡೆಯುತ್ತದೆ. ಸಾಲುಗಳಲ್ಲಿ ನೀರು ಹರಿಸುವವರು ಬೀಜವನ್ನು ಬೋದಿನ, ಅಂದರೆ ಸಾಲುಗಳ ನಡುವಿನ ಏರಿಯ, ನೆತ್ತಿಯಲ್ಲಿ ಬಿತ್ತದೆ ಇಳಿಜಾರಿನಲ್ಲಿ ಬಿತ್ತಬೇಕು, ಏಕೆಂದರೆ ಎರಡೂ ಬದಿಯಿಂದ ಬಂದ ಲವಣ ಸೇರುವುದು ನೆತ್ತಿಯಲ್ಲೇ. ಹನಿ ನೀರಾವರಿಯಲ್ಲಿ ಲವಣ ಒದ್ದೆ ವಲಯದ ಅಂಚಿನಲ್ಲಿ ಉಂಗುರದಂತೆ ಕೂಡಿರುತ್ತದೆ. ತುಂತುರು ಮಳೆ ಬಂದಾಗ ಹನಿ ನಿಲ್ಲಿಸುವವರೇ ಹೆಚ್ಚು. ಆ ಅಲ್ಪ ಮಳೆ ಅಂಚಿನ ಲವಣವನ್ನು ಬೇರಿನ ಮೇಲೆಯೇ ತಳ್ಳುತ್ತದೆ. ಮಣ್ಣನ್ನು ಆಳಕ್ಕೆ ತೊಯ್ಯಿಸುವಷ್ಟು ಮಳೆ ಬೀಳುವವರೆಗೆ ಹನಿಯನ್ನು ನಡೆಸುತ್ತಿರಿ.

ಮುಂದಿನ ಬಿತ್ತನೆಗೆ ಮುನ್ನ 2 ಮತ್ತು 3ನೇ ಹಂತಗಳನ್ನು ಅದೇ ಜಾಗ, ಅದೇ ಆಳಗಳಲ್ಲಿ ಮತ್ತೆ ಮಾಡಿ. ಮೇಲ್ಪದರದ ಇ.ಸಿ. ಇಳಿದಿದ್ದು 30–60 ಸೆಂಟಿಮೀಟರಿನದು ಏರಿದ್ದರೆ ಲವಣ ಹೊರಗೆ ಹೋಗಿಲ್ಲ, ಕೆಳಕ್ಕೆ ಸರಿದು ಕಾದಿದೆ. ಇನ್ನೊಂದು ಸಲ ತೊಳೆಯಬೇಕು ಅಥವಾ ಬಸಿಗಾಲುವೆಯನ್ನು ಇನ್ನೂ ಆಳ ಮಾಡಬೇಕು.